ಬಾತುಗಳ ಊರಿಗೆ ಇಬ್ಬರು

ವಿಜಾಪುರ
ತಾ. 27-1-1946

ಚಿರಂಜೀವಿ ಗುರಲಿಂಗಪ್ಪನಿಗೆ,

ನಿನ್ನ ಅಕ್ಕ ಅಕ್ಕನಾಗಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ಬಬಲೇಶ್ವರದಲ್ಲಿ ನೀನೂ ನಿನ್ನ ಹೆಂಡತಿ ಗೌರಾಬಾಯಿಯೂ ಸುಖವಾಗಿದ್ದೀರಿ ಎಂದು ನಂಬಿದ್ದೇನೆ.

ನಿನ್ನ ಎರಡನೆಯ ಪತ್ರ ಬಂದು ಹನ್ನೊಂದು ದಿನವಾಯಿತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಸಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು ಎಂದು ಬರೆಯಬಹುದಾಗಿತ್ತು. ಇದ್ದದ್ದೂ ನಿಜ, ಆದರೆ ಅದು ಒಂದೇ ದಿನದ್ದು. ಉಳಿದ ಹತ್ತು ದಿನ ನಾನು ಸಿಟ್ಟಿನಲ್ಲಿದ್ದೆ. ಸಿಟ್ಟಿನಲ್ಲಿ ಬರೆದ ಎರಡು ಪತ್ರ ಒಲೆಗೆ ಹೋದವು. ಇದು ಮೂರನೆಯದು.

ಏನಾಯಿತೆಂದು ಹೇಳುತ್ತೇನೆ, ನಗಬೇಡ. ಮೊದಲ ಪತ್ರದಲ್ಲಿ ನೀನು ಏನು ಬರೆದಿದ್ದೆ? ಮುಂಬಯಿಯ ಪಕ್ಷಿ ಮಂಡಳಿಯವರು ಈ ಬೇಸಿಗೆಗೆ ಲಡಾಖಿಗೆ ಒಂದು ತಂಡ ಕಳಿಸುತ್ತಾರೆ. ಚಳಿಗಾಲಕ್ಕೆ ನಮ್ಮ ಕಡೆ ಬರುವ ಪಟ್ಟೆ ತಲೆಯ ಬಾತುಗಳು ಮೊಟ್ಟೆ ಇಡುವ ಸರೋವರಗಳು ಅಲ್ಲಿವೆ. ಚಿತ್ರ ಬರೆಯುವುದಕ್ಕೆ ನಿನ್ನನ್ನು ಆರಿಸಿದ್ದಾರೆ. ಟಿಪ್ಪಣಿ ಬರೆದುಕೊಳ್ಳಲು ಒಬ್ಬರನ್ನು ಜೊತೆಗೆ ಕರೆತರಬಹುದು. ಇಷ್ಟು ಬರೆದು ಕೊನೆಗೆ, "ಅಕ್ಕಾ, ನಿನ್ನ ಮನಿ ಸ್ಟೇಶನ್ ಹತ್ತರ ಐತಿ, ಇಂಗ್ಲಿಷ್ ಬರತೈತಿ. ಇಬ್ಬರಿಗೆ ಗಾಡಿ, ಇಳಿಯೂ ಜಾಗಾ ಎಲ್ಲಾ ನೀನ ನೋಡು. ಮಂಡಳಿ ಕಾಗದಾನೂ ನಿನ್ನ ವಿಳಾಸಕ್ಕ ಬರಲಿ," ಎಂದಿದ್ದೆ.

ಇಬ್ಬರಿಗೆ! ಆ ಇನ್ನೊಬ್ಬಳು ನಾನೇ ಎಂದುಕೊಂಡೆ. ಬೇರೆ ಯಾರೋ ಇರಬಹುದು ಎಂಬ ಅನುಮಾನ ನನ್ನ ಹತ್ತಿರ ಸುಳಿಯಲೂ ಇಲ್ಲ. ಘೋಣಸಗಿಯ ಹೊಲದ ಅಟ್ಟದ ಮೇಲೆ ನಾಲ್ಕು ಹಿಂಗಾರಿ ನಾವಿಬ್ಬರೇ ಅಲ್ಲವೇ ಕೂತದ್ದು? ನಿನಗೆ ಎಂಟು ವರ್ಷ, ನನಗೆ ಹದಿನೈದು. ಗಂಡನನ್ನು ಕಳೆದುಕೊಂಡು ಆಗಷ್ಟೇ ತವರಿಗೆ ಬಂದಿದ್ದೆ. ಮನೆಯಲ್ಲಿ ನಾಲ್ಕು ಮಂದಿಯ ಕಣ್ಣಿಗೆ ಬೀಳುವುದಕ್ಕಿಂತ ಜೋಳ ಕಾಯಲಿ ಎಂದು ಅಪ್ಪ ನನ್ನ ಕೈಗೆ ಕವಣೆ ಕೊಟ್ಟ. ನೀನು ಬೆನ್ನು ಹತ್ತಿ ಬಂದೆ. ಯಾವ ಹಕ್ಕಿ ತೆನೆಗೆ ಬರುತ್ತದೆ, ಯಾವುದು ಬರೀ ಹುಳಕ್ಕೆ ಬರುತ್ತದೆ ಎಂದು ತಿಳಿಯದೆ ಕವಣೆ ಬೀಸಿದರೆ ಕಲ್ಲೂ ದಂಡ, ಕೈಯೂ ದಂಡ. ಅದಕ್ಕೇ ಒಂದೊಂದನ್ನೂ ಗುರುತು ಹಿಡಿದೆ, ನಿನಗೂ ಹಿಡಿಸಿದೆ. ಡೋಣಿ ಹೊಳೆಯ ಕಡೆಯಿಂದ ಬಾತುಗಳು ಬಂದು ಕಡಲೆ ಹೊಲಕ್ಕೆ ಇಳಿದ ದಿನ ನೀನು ಕೇಳಿದ್ದೆ, "ಯಕ್ಕಾ, ಇವು ಯಾವೂರವು?" ನನಗೇನು ಗೊತ್ತು! "ದೊಡ್ಡವರಾದ ಮ್ಯಾಲೆ ಹೋಗಿ ನೋಡಿ ಬರೂಣು," ಎಂದಿದ್ದೆ.

ಹೀಗಾಗಿ ನಿನ್ನ ಪತ್ರ ಕೈಗೆ ಬಂದ ಮರುದಿನವೇ ನಮ್ಮ ಸಾಲೆಯ ಮುಖ್ಯೋಪಾಧ್ಯಾಯಿನಿ ದೊಡ್ಡ ಅಕ್ಕೋರ ಹತ್ತಿರ ಹೋಗಿ ರಜೆಯ ಅರ್ಜಿ ಕೊಟ್ಟೆ. ನಮ್ಮ ಓಣಿಯ ರಸೂಲಸಾಬ ಗೊತ್ತಲ್ಲ, ಯುದ್ಧದಲ್ಲಿ ಮಿಲಿಟರಿ ಲಾರಿ ನಡೆಸಿದವ, ಕಾಲು ಊನಾಗಿ ಮನೆಗೆ ಬಂದಿದ್ದಾನೆ. ಅವನ ದಪ್ಪ ಉಣ್ಣೆಯ ಕೋಟು ಕೇಳಿ ತಂದು, ತೋಳು ಕತ್ತರಿಸಿ ನನ್ನ ಅಳತೆಗೆ ಹೊಲಿದೆ. ಓಣಿಯಲ್ಲೆಲ್ಲ ಡಂಗುರ ಸಾರಿದೆ. ಆಮೇಲೆ ನಿನ್ನ ಎರಡನೆಯ ಪತ್ರ ಬಂತು. "ಗೌರಾಗ ಚಳಿ ತಡಿಯಂಗಿಲ್ಲ. ಅಕಿಗೆ ಮೆತ್ತನ ಹಾಸಗಿ ಸಿಗೂವಂಥಾ ಜಾಗಾ ನೋಡಕ್ಕಾ."

ಒಂದೇ ಸಾಲು. ನಾನು ಕೋಟಿನ ಗುಂಡಿ ಹಚ್ಚುತ್ತ ಕೂತಿದ್ದೆ.

ಇದು ಹೊಟ್ಟೆಕಿಚ್ಚು, ಗುರಲಿಂಗ. ಬೇರೆ ಸುಂದರವಾದ ಹೆಸರು ಕೊಡಲು ಹೋಗುವುದಿಲ್ಲ. ಕಳೆದ ದಸರೆಗೆ ಬಬಲೇಶ್ವರಕ್ಕೆ ಬಂದಾಗ ನಿಮ್ಮ ಹಿತ್ತಲಲ್ಲಿ ಚಂದ್ರಮುಕುಟ ಹಕ್ಕಿ ಕೂತಿತ್ತು, ನೆನಪಿದೆಯೇ? ನಿನ್ನ ಹೆಂಡತಿ ಅದರ ಜುಟ್ಟು ನೋಡಿ, "ಅಕ್ಕಾರ, ಇದು ಹುಂಜದ ಮರಿ ಏನ್ರಿ?" ಎಂದಳು. ಆ ಹುಡುಗಿ ಲಡಾಖಿನ ಸರೋವರದ ದಂಡೆಯಲ್ಲಿ ಕೂತು ಟಿಪ್ಪಣಿ ಬರೆಯುತ್ತಾಳೆ, ನಾನು ವಿಜಾಪುರದಲ್ಲಿ ಕೂತು ಅವಳಿಗೆ ಹಾಸಿಗೆ ಹುಡುಕಬೇಕು!

ಆಯಿತು. ಹೇಳಿದ ಕೆಲಸ ಬಿಡುವವಳು ನಾನಲ್ಲ. ಇಲ್ಲಿಂದ ಸಣ್ಣ ಗಾಡಿಯಲ್ಲಿ ಹೋಟಗಿ. ಅಲ್ಲಿ ದೊಡ್ಡ ಗಾಡಿಗೆ ಬದಲಾಯಿಸಿ ಸೊಲ್ಲಾಪುರ, ದೌಂಡ, ಮನಮಾಡ. ಮನಮಾಡದಲ್ಲಿ ಪಂಜಾಬ್ ಮೇಲ್ ಹಿಡಿಯಬೇಕು. ಲಾಹೋರಿನಲ್ಲಿ ಇಳಿದು ಒಂದು ದಿನ ಧರ್ಮಶಾಲೆಯಲ್ಲಿ ದಣಿವಾರಿಸಿಕೊಂಡು ರಾವಳಪಿಂಡಿಗೆ ಹೋಗಿ. ಅಲ್ಲಿಂದ ಶ್ರೀನಗರಕ್ಕೆ ಎರಡು ದಿನದ ಮೋಟಾರು ದಾರಿ. ಮುಂದಿನದನ್ನು ರಸೂಲಸಾಬನನ್ನು ಕೇಳಿ ಬರೆಯುತ್ತೇನೆ. ಧರ್ಮಶಾಲೆಯ ಮೇನೇಜರರಿಗೆ ಪತ್ರ ಹಾಕಿದ್ದೇನೆ. ಮೆತ್ತನೆಯ ಹಾಸಿಗೆಯನ್ನೂ ಕೇಳಿದ್ದೇನೆ. ಕೇಳುವಾಗ ಪೆನ್ನಿಗೆ ಸಿಕ್ಕು ಹಾಳೆ ಹರಿಯಿತು, ಮತ್ತೊಂದು ಹಾಳೆ ತೆಗೆದುಕೊಂಡೆ.

ಇಬ್ಬರೂ ನೂರು ವರ್ಷ ಬಾಳಿರಿ.

ನಿನ್ನ ಅಕ್ಕ
ಅಕ್ಕನಾಗಮ್ಮ

ತಾ.ಕ.: ರಜೆಯ ಅರ್ಜಿ ಹಿಂದಕ್ಕೆ ತೆಗೆದುಕೊಂಡೆ. ಯಾಕೆಂದು ದೊಡ್ಡ ಅಕ್ಕೋರು ಕೇಳಿದರು. ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲ ಎಂದೆ. ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಗಾಬರಿಯಾಗಬೇಡ.

*

ವಿಜಾಪುರ
ತಾ. 10-3-1946

ಚಿ. ಗುರಲಿಂಗಪ್ಪನಿಗೆ ಅಕ್ಕನ ಅನೇಕ ಆಶೀರ್ವಾದಗಳು.

ಈ ಸಲವೂ ತಡವಾಯಿತು. ಈ ಸಲ ತಪ್ಪು ನನ್ನದಲ್ಲ, ಶ್ರೀನಗರದ ಟಪಾಲಿನದು. ಪರವಾನಗಿ ಬರದೆ ಮುಂದಿನ ಮಜಲುಗಳ ಮಾತೇ ಇಲ್ಲವಂತೆ. ಅದು ಮಂಡಳಿಯ ಕೈಯಲ್ಲಿದೆ, ಅವರಿಗೆ ಎರಡು ಸಲ ನೆನಪು ಮಾಡಿದ್ದೇನೆ. ಕಾರ್ಯದರ್ಶಿಗಳು ನನಗೆ ಉತ್ತರ ಬರೆಯುವಾಗ 'ಮಹಾಶಯರೇ' ಎನ್ನುತ್ತಾರೆ. ಇಷ್ಟು ಅಚ್ಚುಕಟ್ಟಾಗಿ ಪತ್ರ ಬರೆಯುವವರು ಗಂಡಸೇ ಇರಬೇಕು ಎಂದುಕೊಂಡಿದ್ದಾರೋ ಏನೋ. ನಾನೂ ತಿದ್ದಲು ಹೋಗಿಲ್ಲ.

ಹೋದ ರವಿವಾರ ಟಿಕೋಟಾದವರೆಗೆ ಸರ್ವಿಸ್ ಮೋಟಾರಿನಲ್ಲಿ ಹೋಗಿ, ಅಲ್ಲಿಂದ ಯಾರದೋ ಚಕ್ಕಡಿ ಹತ್ತಿ ಘೋಣಸಗಿಗೆ ಹೋಗಿ ಬಂದೆ. ಅವ್ವ ನಿನ್ನನ್ನು ಬಹಳ ನೆನೆಸುತ್ತಾಳೆ. "ಹಕ್ಕಿ ನೋಡಾಕ ಯಾರರ ಅಷ್ಟು ದೂರ ಹೊಕ್ಕಾರೇನ? ಇಲ್ಲೇ ಕುಂತ್ರ ಅವ ಬರತಾವು," ಎಂದು ನನ್ನನ್ನೇ ಬೈದಳು. ಹೊಳೆಯ ದಂಡೆಯಲ್ಲಿ ನಲವತ್ತಕ್ಕೆ ಎರಡು ಕಡಿಮೆ ಬಾತುಗಳಿದ್ದವು. ಮೇವು ಬಿಟ್ಟು ಒಂದೇ ಸಮನೆ ಒದರುತ್ತ ಇದ್ದವು. ಹೊರಡುವ ಮುಂಚೆ ಹಾಗೆಯೇ ಅಲ್ಲವೇ? ರಾತ್ರಿ ಅವ್ವನ ಹತ್ತಿರವೇ ಉಳಿದು, ಸೋಮವಾರ ಬೆಳಿಗ್ಗೆ ಮತ್ತೆ ಹೋಗಿ ನೋಡಿದಾಗ ದಂಡೆ ಬರಿದಾಗಿತ್ತು. ಯಾರ ಅಪ್ಪಣೆಯೂ ಇಲ್ಲದೆ, ಗಾಡಿಯ ವೇಳೆ ನೋಡದೆ ಹೋಗಿಬಿಟ್ಟವು. ಅವುಗಳ ಮೇಲೂ ಹೊಟ್ಟೆಕಿಚ್ಚಾಯಿತು ನೋಡು.

ಈಗ ದಾರಿಯ ವಿಷಯ. ರಸೂಲಸಾಬ ನಮ್ಮ ಕಟ್ಟೆಯ ಮೇಲೆ ಕೂತು, ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದ. ಅವನು ಶ್ರೀನಗರದವರೆಗೆ ಲಾರಿ ನಡೆಸಿದವ. ಮುಂದಿನದನ್ನು ಕುದುರೆಯವರ ಬಾಯಿಂದ ಕೇಳಿದ್ದಾನೆ. "ಅಕ್ಕೋರ, ಜೋಜಿಲಾ ಘಾಟ ಅಂದ್ರ ಹುಡುಗಾಟ ಅಲ್ಲರಿ. ಬಿಸಲ ಏರಿತಂದ್ರ ಗುಡ್ಡದ ಮ್ಯಾಲಿನ ಬರಫ್ ಜಾರಿ ಮೈಮ್ಯಾಲೆ ಬೀಳತೈತಿ. ನಸಿಕಿನ್ಯಾಗ ಎದ್ದು ದಾಟಿಬಿಡಬೇಕು. ಕುದರಿ ಮ್ಯಾಲೆ ಕುಂತು ದಾಟತೇನಂದ್ರ ಆಗೂದಿಲ್ಲ, ಇಳದು ನಡೀಬೇಕು," ಎಂದ. ಬಾಲ್ತಾಲ್ ಎಂಬಲ್ಲಿ ಒಂದು ಬಂಗಲೆ ಇದೆ. ಹಿಂದಿನ ದಿನವೇ ಅಲ್ಲಿ ತಂಗಿರಿ. ಶ್ರೀನಗರದಿಂದ ಲೇಹದವರೆಗೆ ಹದಿನಾರು ಮಜಲು, ಮಜಲಿಗೊಂದು ಬಂಗಲೆ ಅಥವಾ ಧರ್ಮಶಾಲೆಯಂಥ ಸರಾಯ್. ಮುಂದಾಗಿ ಬರೆದರೆ ಕುದುರೆಗಳನ್ನು ಬದಲಿ ಕೊಡುತ್ತಾರೆ. ಕಟ್ಟಿಗೆ, ಹಾಲು ಸಿಗುತ್ತದೆ, ಬೇರೆ ಏನೂ ಸಿಗುವುದಿಲ್ಲ. ಒಣಗಿಸಿದ ಕಟಿ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಇಲ್ಲಿಂದಲೇ ಒಯ್ಯಬೇಕು. ರೊಟ್ಟಿ ನಾನು ಬಡಿಯುತ್ತೇನೆ. ಸೊಲ್ಲಾಪುರ ರಸ್ತೆಯ ದೊಡ್ಡ ಅಂಗಡಿಯವರ ಮಗಳಾದ ನಿನ್ನ ಹೆಂಡತಿಗೆ ಬಿಸಿ ರೊಟ್ಟಿ ಮಾತ್ರ ಬರುತ್ತದೆ ಎಂದು ಕೇಳಿದ್ದೇನೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಮೊದಲು ನಾನು ಬರೆದಿಟ್ಟ ವೇಳಾಪಟ್ಟಿಯಲ್ಲಿ ಹೋಟಗಿಯಲ್ಲಿ ನೀವು ಏಳು ತಾಸು ಕಾಯಬೇಕಿತ್ತು. ಅದಕ್ಕಿಂತ ಒಳ್ಳೆಯ ಗಾಡಿ ಇರುವುದು ನನಗೆ ಗೊತ್ತಿತ್ತು. ಆ ಸ್ಟೇಶನ್ನಿನ ಬಿಸಿಲಲ್ಲಿ ಟ್ರಂಕಿನ ಮೇಲೆ ಕೂತು ನಿನ್ನ ಹೆಂಡತಿ ಮುಖ ಗಂಟು ಹಾಕುವುದನ್ನು ಕಲ್ಪಿಸಿಕೊಂಡು ಎರಡು ದಿನ ಸುಖಪಟ್ಟೆ. ಮೂರನೆಯ ದಿನ ನಾಚಿಕೆಯಾಗಿ ಹರಿದು ಹಾಕಿ ಹೊಸದು ಬರೆದೆ. ಈ ಪತ್ರದ ಜೊತೆಗಿರುವುದು ಹೊಸದು, ಹೆದರಬೇಡ.

ಗೌರಾಬಾಯಿ ತವರಿಗೆ ಬಂದವಳು ಮೊನ್ನೆ ನನ್ನ ಮನೆಗೂ ಬಂದಿದ್ದಳು. ಅವಳು ಹೇಳಿರಲಿಕ್ಕಿಲ್ಲ, ನಾನು ಹೇಳುತ್ತೇನೆ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು, "ಅಕ್ಕಾರ, ಅಲ್ಲಿ ಜಳಕಕ್ಕ ಬಿಸಿನೀರ ಸಿಗತಾವೇನ್ರಿ?" ಎಂದು ಕೇಳಿದಳು.

"ಹದಿನಾರು ಮಜಲಿನ್ಯಾಗ ಒಂದ ಕಡೆ ಸಿಗಬಹುದವ್ವ," ಎಂದೆ.

ಅವಳ ಕಣ್ಣಲ್ಲಿ ನೀರು ಬಂತು. "ನನಗ ಹೋಗೂ ಮನಸ್ಸ ಇಲ್ಲರಿ. ಅವರು 'ನೀ ಬಾ, ನೀ ಬಾ' ಅಂತಾರ. ನನ್ನ ಬಿಟ್ಟು ಒಬ್ಬರ ಹೋದ್ರ ನಮ್ಮ ಅಪ್ಪ ಏನಂದಾರು ಅಂತ ಅವರಿಗೆ ಅಂಜಿಕಿ. ನೀವರ ಹೇಳ್ರಿ."

ಹುಡುಗಿಯ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಅವಳು ಹಟ ಮಾಡಿ ಹೊರಟಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ. ಅವಳ ಪರವಾಗಿ ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದೆ. ಗಂಡ ಹೆಂಡಿರ ನಡುವೆ ನಾನ್ಯಾರು? ಕಪಾಟಿನಲ್ಲಿದ್ದ ಆ ಕೋಟು ತೆಗೆದು ಅವಳಿಗೆ ತೊಡಿಸಿ ನೋಡಿದೆ. ತೋಳು ಗಿಡ್ಡವಾಯಿತು. ಬಿಡು, ಬೇರೆ ಹೊಲಿಸಿಕೊಳ್ಳಲಿ ಎಂದು ತಿರುಗಿ ಒಳಗಿಟ್ಟೆ. ಒಳಗೊಳಗೇ ಖುಷಿಯಾಯಿತೆಂದೂ ಬರೆಯುತ್ತೇನೆ, ಬರೆಯದೆ ಏನು ಮಾಡಲಿ.

ದಾರಿಯಲ್ಲಿ ಬಾಯಿ ಮೂಗು ಮುಚ್ಚಿಕೊಳ್ಳಲು ಮಫ್ಲರ್ ಇಟ್ಟುಕೋ. ನಿನಗೆ ಗಾಳಿಗೆ ಬೇಗ ಕೆಮ್ಮು ಹತ್ತುತ್ತದೆ. ದೇವರು ಒಳ್ಳೆಯದು ಮಾಡಲಿ.

ಇತಿ ನಿನ್ನ ಅಕ್ಕ
ಅಕ್ಕನಾಗಮ್ಮ

ತಾ.ಕ.: ಟಿಪ್ಪಣಿ ಬರೆಯುವುದು ಹೇಗೆಂದು ಗೌರಾಬಾಯಿಗೆ ಒಂದು ತಾಸು ಹೇಳಿಕೊಟ್ಟೆ. ಹಕ್ಕಿಯ ಹೆಸರು ಗೊತ್ತಾಗದಿದ್ದರೆ ಕಾಲು, ಕೊಕ್ಕು, ಹಾರುವ ಬಗೆ ಬರೆದುಕೋ ಎಂದೆ. ಅಕ್ಷರ ಮುತ್ತಿನಂತಿದೆ ಅವಳದು. ಅದನ್ನೂ ತಡೆಯಲಾಗಲಿಲ್ಲ ನನಗೆ.

*

ವಿಜಾಪುರ
ತಾ. 21-4-1946

ಚಿ. ಗುರಲಿಂಗಪ್ಪನಿಗೆ ಅಕ್ಕ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ಬಂದದ್ದು ಮೊನ್ನೆ ಹುಣ್ಣಿಮೆಯ ಹಿಂದಿನ ವಾರ. ಇಷ್ಟು ದಿನ ಉತ್ತರ ಬಾರದ್ದಕ್ಕೆ ನೀನು ದಾರಿ ಕಾಯ್ದು ಕಾಯ್ದು ಸಾಕಾಗಿರಬೇಕು. ಕ್ಷಮಿಸು. ಮೊದಲು ಸಂತೋಷದ ಮಾತು. ಗೌರಾಬಾಯಿಗೆ ಮೂರು ತಿಂಗಳು ಎಂದು ಓದಿ ನೆರೆಮನೆಯವರಿಗೆಲ್ಲ ಸಕ್ಕರೆ ಹಂಚಿದೆ. ಅವ್ವನಿಗೂ ಹೇಳಿ ಕಳಿಸಿದ್ದೇನೆ. ಭಾರ ಎತ್ತಲು ಕೊಡಬೇಡ. ಹುಳಿ ಕೇಳಿದರೆ ಕೊಡು, ಹುಣಸೆಯ ಚಿಗುರು ಈಗ ಚೆನ್ನಾಗಿರುತ್ತದೆ.

ಇನ್ನು ನಿನ್ನ ಪತ್ರದ ಎರಡನೆಯ ಮಾತು. "ಗೌರಾ ಬರೂ ಹಂಗಿಲ್ಲ. ಅಕ್ಕಾ, ಈಗ ನೀನ ಬಾ. ಖರೇ ಹೇಳತೇನಿ, ಮೊದಲ ನಿನ್ನನ್ನ ಕೇಳಬೇಕಿತ್ತು." ಓದಿ ನಾನು ಏನು ಮಾಡಿದೆ ಗೊತ್ತೇ? ಮೂವತ್ತೆರಡು ವಯಸ್ಸಿನ, ಸಾಲೆಯಲ್ಲಿ ಕಲಿಸುವ ಅಕ್ಕೋರು ಬಾಗಿಲು ಹಾಕಿಕೊಂಡು ಕುಣಿದರು. ಕೋಟು ತೊಟ್ಟು, ಏಪ್ರಿಲ್ ತಿಂಗಳ ವಿಜಾಪುರದ ಬಿಸಿಲಲ್ಲಿ ರಸೂಲಸಾಬನ ಮನೆಯವರೆಗೆ ನಡೆದು ಹೋದೆ. ಅವನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕೋರ, ಜೋಜಿಲಾ ದಾಟೂಕಿಂತ ಮೊದಲ ಬೆವತು ಸತ್ತು ಹೋದೀರಿ!" ಎಂದ. ಹೋಗುವವರ ಹೆಸರು ಯಾವುದೆಂದು ಕೇಳಿದ. ನಾನೂ ನನ್ನ ತಮ್ಮನೂ ಎಂದೆ. ಅಷ್ಟು ಹೇಳಲಿಕ್ಕೆ ಸಿಕ್ಕದ್ದು ನನಗೆ ಎಷ್ಟೋ ಆಯಿತು.

ಆದರೂ ನಾನು ಬರುವುದಿಲ್ಲ, ಗುರಲಿಂಗ. ಸಾಲೆಯ ಪರೀಕ್ಷೆಯ ಪೇಪರುಗಳಿವೆ. ಅವ್ವನಿಗೆ ವಯಸ್ಸಾಯಿತು, ಇಬ್ಬರೂ ದೂರ ಹೋದರೆ ಯಾರು ನೋಡಬೇಕು? ನನಗೂ ಮೊಣಕಾಲು ಹಿಡಿಯುತ್ತಿವೆ, ಬರಫಿನಲ್ಲಿ ನಡೆಯುವುದು ಆಗಲಿಕ್ಕಿಲ್ಲ. ನಿನ್ನ ಜೊತೆ ಸಾಲೆಯಲ್ಲಿ ಕಲಿಸುವ ಬಾಬು ಮಾಸ್ತರರನ್ನು ಕೇಳು. ಕಣ್ಣು ಚುರುಕು, ಮಾತು ಕಡಿಮೆ, ನಿನಗೆ ಸರಿಹೋದಾರು.

ಕೆಲಸದಲ್ಲಿ ಏನೂ ಉಳಿದಿಲ್ಲ. ಮಂಡಳಿಯಿಂದ ಪರವಾನಗಿ ಬಂದಿದೆ, ಇದರೊಳಗೆ ಇಟ್ಟಿದ್ದೇನೆ. ಲಾಹೋರಿನ ಧರ್ಮಶಾಲೆ, ರಾವಳಪಿಂಡಿಯ ಮೋಟಾರು, ಶ್ರೀನಗರದಲ್ಲಿ ಇಳಿಯುವ ದೋಣಿಮನೆ, ಕುದುರೆಯವರ ಮುಖ್ಯಸ್ಥ, ಎಲ್ಲರ ಒಪ್ಪಿಗೆಯ ಪತ್ರಗಳೂ ಇವೆ. ಬಾಲ್ತಾಲಿನ ಬಂಗಲೆಯ ಕಾವಲುಗಾರನಿಗೆ ಓದು ಬರಹ ಬರುವುದಿಲ್ಲವಂತೆ. ಅವನಿಗೆ ತೋರಿಸಲು ಒಂದು ಉರ್ದು ಚೀಟಿ ರಸೂಲಸಾಬ ಬರೆದುಕೊಟ್ಟಿದ್ದಾನೆ, ಯಾರಾದರೂ ಓದಿ ಹೇಳುತ್ತಾರೆ. ಎಲ್ಲ ಕಾಗದಗಳಲ್ಲೂ ಎರಡನೆಯ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಯಾರು ಬರುತ್ತಾರೋ ಅವರ ಹೆಸರು ನೀನೇ ತುಂಬಿಕೋ. ಮೇ ಹತ್ತಕ್ಕೆ ಇಲ್ಲಿಂದ ಹೊರಡುವಾಗ ರೊಟ್ಟಿಯ ಗಂಟು ರಸೂಲಸಾಬ ಸ್ಟೇಶನ್ನಿಗೆ ತಂದುಕೊಡುತ್ತಾನೆ. ನನಗೆ ಅಂದು ಸಾಲೆ ಇದೆ.

ಸುಖವಾಗಿ ಹೋಗಿ ಬಾ. ಬಾತುಗಳ ಮರಿ ನೀರಿಗಿಳಿಯುವುದನ್ನು ನಿನ್ನ ಕಣ್ಣು ತಣಿಯುವಷ್ಟು ನೋಡು. ನಿನ್ನ ಕೈಗೆ ಇನ್ನೂ ಹೆಚ್ಚಿನ ಕಳೆ ಬರಲಿ, ನಿನ್ನ ಹೆಂಡತಿಗೆ ಸುಖವಾಗಿ ಹೆರಿಗೆಯಾಗಲಿ.

ಇತಿ ನಿನ್ನ ಶುಭ ಬಯಸುವ
ಅಕ್ಕನಾಗಮ್ಮ

ತಾ.ಕ.: ಮೊಣಕಾಲು ಸುಳ್ಳು. ಪೇಪರುಗಳೂ ಸುಳ್ಳು. ನಿನಗೆ ಸುಳ್ಳು ಬರೆದು ನನಗೆ ರೂಢಿಯಿಲ್ಲ, ಅದಕ್ಕೇ ಲಕೋಟೆ ಮುಚ್ಚಿದ್ದನ್ನು ಮತ್ತೆ ಬಿಚ್ಚಿದ್ದೇನೆ.

ಪರವಾನಗಿ ಬಂದ ಲಕೋಟೆಯಲ್ಲಿ ಮಂಡಳಿಯ ಪತ್ರಿಕೆಯ ಹೊಸ ಸಂಚಿಕೆಯೂ ಇತ್ತು. ಅದರಲ್ಲಿ ನಿನ್ನ ಲೇಖನ. ನೀನು ಬರೆದದ್ದೇ ನನಗೆ ಗೊತ್ತಿರಲಿಲ್ಲ. ಅದೇ ದಿನ ರಸೂಲಸಾಬನ ಮನೆಯಿಂದ ಬಂದು, ಕೋಟು ತೊಟ್ಟುಕೊಂಡೇ, ನಿಂತಲ್ಲೇ ಓದಿದೆ. ನಮ್ಮ ಹೊಲ, ನಮ್ಮ ಅಟ್ಟ, ಕಡಲೆಗೆ ಇಳಿದ ಬಾತುಗಳು, ತೆನೆಯ ಹಕ್ಕಿ ಬೇರೆ, ಹುಳದ ಹಕ್ಕಿ ಬೇರೆ ಎಂದು ಕಲಿತದ್ದು, ಎಲ್ಲ ಇದೆ. ಎಷ್ಟು ಚೆನ್ನಾಗಿ ಬರೆದಿದ್ದೀಯಪ್ಪ! ಓದುತ್ತ ನನ್ನ ಕಣ್ಣು ತುಂಬಿ ಬಂದವು. ಆಮೇಲೆ ಆ ಸಾಲು ಬಂತು. "ಇದನ್ನೆಲ್ಲ ನನಗೆ ಮೊದಲು ಹೇಳಿಕೊಟ್ಟವಳು ನಮ್ಮ ಹೊಲದಲ್ಲಿ ಹಕ್ಕಿ ಓಡಿಸಲು ಇಟ್ಟುಕೊಂಡಿದ್ದ ಒಬ್ಬ ಕೂಲಿ ಹೆಂಗಸು." ಇನ್ನೆರಡು ಪುಟ ಮುಂದೆ ಗೌರಾಬಾಯಿಯ ಹೆಸರಿದೆ, ನಿನ್ನ ಚಿತ್ರಗಳನ್ನು ಜೋಪಾನವಾಗಿ ಎತ್ತಿಟ್ಟಳು ಎಂದು.

ಕೂಲಿ ಮಾಡುವುದು ಕೀಳಲ್ಲ. ಪಕ್ಕದ ಹೊಲದಲ್ಲಿ ಕೂಲಿಗೆ ಹಕ್ಕಿ ಕಾಯುತ್ತಿದ್ದ ಪರಸವ್ವನಿಂದ ನಾನೇ ಎಷ್ಟೋ ಕಲಿತೆ. ಅವಳ ಹೆಸರು ಬರೆದಿದ್ದರೂ ಸುಮ್ಮನಿರುತ್ತಿದ್ದೆ. ಆದರೆ ನೀನು ಬರೆದದ್ದು ಅವಳನ್ನಲ್ಲ. ಗಂಡ ಸತ್ತ ಅಕ್ಕ ಅಟ್ಟದ ಮೇಲೆ ಕವಣೆ ಬೀಸುತ್ತಿದ್ದಳು ಎಂದು ನಿನ್ನ ಮಾವನವರು ಓದಬಾರದು, ಮುಂಬಯಿಯ ದೊಡ್ಡವರು ಓದಬಾರದು, ಅಷ್ಟೇ ತಾನೇ? ಮೂರು ತಿಂಗಳು ನಾನು ಆ ಹುಡುಗಿಯ ಮೇಲೆ ಹೊಟ್ಟೆ ಉರಿದುಕೊಂಡೆ. ಅವಳ ತಪ್ಪೇನೂ ಇರಲಿಲ್ಲ.

ನನ್ನನ್ನ ಪೂರಾ ಬಿಟ್ಟಿದ್ದರೂ ನಡೀತಿತ್ತೋ ತಮ್ಮಾ. ಕೂಲಿ ಹೆಂಗಸು ಅಂತ ಅಷ್ಟುದ್ದ ಬರದಿ. ಅಕ್ಕ ಅಂತ ಬರಿಯಾಕ ನಿನಗ ಎಷ್ಟು ಶಾಯಿ ಹತ್ತುತಿತ್ತು?